ಕಳೆಯಾಗಿ ಹೋದ ಗರಿಕೆ

ದಾವಣಗೆರೆಯ ವಿದ್ಯಾನಗರದ ಕಾಲೇಜೊಂದರಲ್ಲಿ ನಾನು ಮಾಲಿಯಾಗಿದ್ದೆ. ಬೇಸಿಗೆಯಲ್ಲಿ ಗಿಡಗಳೆಲ್ಲ ಬಾಡಿದರೂ ಅಂಗಳದ ಗರಿಕೆ ಮಾತ್ರ ಹಸಿರಾಗಿಯೇ ಇರುತ್ತಿತ್ತು. ಹೊಸದಾಗಿ ಬಂದ ಪ್ರಿನ್ಸಿಪಾಲರ ಕಣ್ಣಿಗೆ ಅದೇ ಚುಚ್ಚಿತು.

"ಇದೆಲ್ಲ ಕಳೆ. ಕಿತ್ತುಹಾಕು, ಒಳ್ಳೆ ಲಾನ್ ಹಾಕಿಸೋಣ" ಎಂದರು.

"ಬ್ಯಾಡ್ರಿ ಸಾರ್, ನಮ್ಮ ಬಿಸಿಲಿಗೆ ಇದೊಂದೇ ತಡಿಯೋದು" ಎಂದೆ.

"ನನಗೇ ಹೇಳಿಕೊಡ್ತೀಯಾ?" ಎಂದು ಗದರಿದರು. ಒಂದು ದಿನವೂ ಮಣ್ಣು ಮುಟ್ಟಿದವರಲ್ಲ!

ಮುಂಗಾರು ಶುರುವಾದ ಮೇಲೆ ಹದಿನೈದು ದಿನ ಕುಕ್ಕರಗಾಲಿನಲ್ಲಿ ಕೂತು ಅಷ್ಟನ್ನೂ ಬೇರುಸಹಿತ ಕಿತ್ತೆ. ಆ ಜಾಗದಲ್ಲಿ ಎಲ್ಲಿಂದಲೋ ತರಿಸಿದ ಮೆತ್ತನೆಯ ಹುಲ್ಲು ಹಾಸಿದೆವು. ಮಳೆ ಕೈಕೊಟ್ಟಾಗ ಅದಕ್ಕೆ ಎರಡು ಹೊತ್ತು ನೀರು ಬಿಟ್ಟೆ. ನಮ್ಮ ಮನೆಯ ಮಗುವಿಗೂ ನಾನು ಅಷ್ಟು ಉಪಚಾರ ಮಾಡಿದವನಲ್ಲ.

ಚೌತಿಗೆ ಆಫೀಸಿನಲ್ಲಿ ಗಣಪತಿ ಕೂರಿಸಿದರು. ಪೂಜೆಗೆ ಕೂತ ಪ್ರಿನ್ಸಿಪಾಲರು ತಟ್ಟೆ ನೋಡಿ, ನನ್ನನ್ನು ಕರೆಸಿ, ಎಲ್ಲರೆದುರಿಗೆ ರೇಗಿದರು: "ಗರಿಕೆ ಎಲ್ಲಯ್ಯಾ? ಇಷ್ಟು ದೊಡ್ಡ ಅಂಗಳದಲ್ಲಿ ದೇವರಿಗೆ ನಾಲ್ಕು ಎಳೆ ಗರಿಕೆ ಸಿಗಲಿಲ್ವಾ ನಿನಗೆ?"

ಮೈಯೆಲ್ಲ ಉರಿದುಹೋಯಿತು. ಕೈಕಟ್ಟಿ ನಿಂತೇ ಹೇಳಿದೆ: "ನಮ್ಮಲ್ಲಿ ಗರಿಕೆ ಎಲ್ಲೈತ್ರಿ ಸಾರ್? ಬರೀ ಕಳೆ ಇತ್ತು. ಅದನ್ನ ನೀವೇ ಕೀಳ್ಸಿದ್ರಿ."