ನಳಿಗೆಯೊಳಗಿನ ಕುಂಕುಮ

ಖಟ್-ಪಟ್, ಖಟ್-ಪಟ್... ಆಮೇಲೆ ಸೈಲೆನ್ಸ್. ಸಣ್ಣದೊಂದು ‘ಠಪ್’. ಮತ್ತೆ ಖಟ್-ಪಟ್.

ಈ ಮಳೆಗಾಲ ಪೂರ್ತಿ ನನ್ನ ಕಿವಿಯಲ್ಲಿ ತುಂಬಿದ್ದು ಇದೇ ಸದ್ದು. ಗಜೇಂದ್ರಗಡದ ನಮ್ಮ ಓಣಿಯಲ್ಲಿ ಪಕ್ಕದ ಮನೆ ಗಂಗವ್ವ ಸೀರೆ ನೇಯುತ್ತಾಳೆ. ಹಿತ್ತಲಲ್ಲಿ ಅವಳ ಮಗಳು ರೇಣುಕಾ ಏರ್ ಪಿಸ್ತೂಲು ಹಿಡಿದು ಟಾರ್ಗೆಟ್‌ಗೆ ಗುರಿ ಇಡುತ್ತಾಳೆ. ಮಗಳು ಕೈ ಎತ್ತಿದಳೋ, ತಾಯಿ ಮಗ್ಗ ನಿಲ್ಲಿಸಿದಳು! (ನಮ್ಮ ಕಾನ್ವೆಂಟಿನ ಪ್ರೇಯರ್ ಹಾಲ್‌ನಲ್ಲೂ ಅಂಥ ಸೈಲೆನ್ಸ್ ಇರಲಿಲ್ಲ.)

ಮೊನ್ನೆ ಖಂಡೇ ಪೂಜೆ, ನಮ್ಮ ಕಡೆಯ ಆಯುಧಪೂಜೆ. ಗಂಗವ್ವ ಮಗ್ಗಕ್ಕೆ, ಲಾಳಿಗೆ, ಕತ್ತರಿಗೆ ಕುಂಕುಮ ಹಚ್ಚಿದಳು. ಪಿಸ್ತೂಲೂ ಆಯುಧವಲ್ಲವೇ? ಅದಕ್ಕೂ ಹಚ್ಚಿದಳು. ನಳಿಗೆಯ ಬಾಯಿಗೇ, ಧಾರಾಳವಾಗಿ.

ಮರುದಿನ ಗುಂಡುಗಳೆಲ್ಲ ಎಡಕ್ಕೆ. ಭಾನುವಾರ ಧಾರವಾಡದಲ್ಲಿ ಸೆಲೆಕ್ಷನ್ ಮ್ಯಾಚ್. ಪಿಸ್ತೂಲೋ, ಅವಳ ಶೂಟಿಂಗ್ ಕ್ಲಬ್ಬಿನದು.

“ಯವ್ವಾ, ಇದಕ್ಯಾಕ ಹಚ್ಚಿದಿ?”

“ದೇವರ ಕುಂಕುಮ ಹಚ್ಚಿದ್ರ ಕೆಡತೈತೇನ?”

“ಹಚ್ಚಿಲ್ಲ ನೀ, ತುಂಬೀದಿ!”

ಗಂಗವ್ವ ಬಂದು ನಮ್ಮ ಕಟ್ಟೆಯ ಮೇಲೆ ಕುಸಿದಳು. “ನನ್ನ ಕೈಲೇನ ಮಗಳ ಆಟ ಕೆಡಿಸಿಬಿಟ್ನಲ್ರಿ, ಅಕ್ಕೋರ.” (ಇಂಗ್ಲಿಷ್ ಕಲಿಸಿದ ನಾನು ಓಣಿಗೆಲ್ಲ ಅಕ್ಕೋರು.)

ನಾನು ಎನ್‌ಸಿಸಿ ಗರ್ಲ್. ಹೌದು, ಈ ಮುದುಕಿಯೇ! ನಮ್ಮ ಕಾಲದಲ್ಲಿ ರೈಫಲ್ ಎಂದರೆ ಎಣ್ಣೆ. ಹೊಲಿಗೆ ಮಷಿನ್ನಿನ ಎಣ್ಣೆ ಹಿಡಿದು ಹೊರಟೆ.

ರೇಣುಕಾ ಹೌಹಾರಿದಳು. “ಎಣ್ಣಿ ಮುಟ್ಟಸಬ್ಯಾಡ್ರಿ ಅಕ್ಕೋರ! ಇದು ಗಾಳಿ ಪಿಸ್ತೂಲ್. ಒಣಾ ಅರಿವಿಲೆ ಒರಸಬೇಕ್ರಿ.”

ಓಕೆ ಡಿಯರ್, ಇವತ್ತು ನೀನೇ ಟೀಚರ್.

ಮೊದಲು ಒಳಗೆ ಗುಂಡಿಲ್ಲವೆಂದು ನೋಡಬೇಕು. ಬಾಯಿ ಗೋಡೆಯ ಕಡೆಗಿರಬೇಕು. ದಾರಕ್ಕೆ ಬಟ್ಟೆಯ ಚೂರು ಕಟ್ಟಿ, ಹಿಂದಿನಿಂದ ಪೋಣಿಸಿ, ಮುಂದಕ್ಕೆ ಎಳೆಯಬೇಕು. ನಡುವೆ ನಿಲ್ಲುವಂತಿಲ್ಲ. ಹಿಂದಕ್ಕೆ? ನೆವರ್. ಇಷ್ಟು ಹೇಳಿ ರೇಣುಕಾ ದಾರವನ್ನು ತಾಯಿಯ ಕೈಗೇ ಕೊಟ್ಟಳು.

“ಒಲ್ಲೆ ತಾಯಿ, ಮತ್ತ ಕೆಟ್ಟೀತು.”

“ಕುಂಕುಮ ತುಂಬಾಕ ಧೈರ್ಯ ಇತ್ತಲ್ಲ, ಈಗ ಎಳಿ.”

ನಾನು ಪಿಸ್ತೂಲು ಹಿಡಿದುಕೊಂಡೆ. (ಈ ವಯಸ್ಸಿನಲ್ಲಿ ಎಂಥ ಥ್ರಿಲ್!) ಗಂಗವ್ವ ಕಣ್ಣು ಮುಚ್ಚಿ ಎಳೆದಳು. ಬಟ್ಟೆ ಕೆಂಪಗೆ ಬಂತು. ಇನ್ನೊಂದು ಚೂರು, ಗುಲಾಬಿ. ಕೊನೆಗೊಂದು ಬೆಳ್ಳಗೆ ಬಂದಾಗ ಮೂವರೂ ನಕ್ಕುಬಿಟ್ಟೆವು.

ರೇಣುಕಾ ಹಿತ್ತಲಿಗೆ ಹೋದಳು. ಗಂಗವ್ವ ಮಗ್ಗದಲ್ಲಿ ಕೂತಳು, ಕೈ ಆಡಿಸಲಿಲ್ಲ. ‘ಠಪ್’.

“ನಡುವ ಬಿತ್ತವ್ವಾ!”

ಖಟ್-ಪಟ್ ಶುರುವಾಯಿತು. ನಮ್ಮ ಹುಡುಗಿಯರಿಗೆ ನಾವು ಎಷ್ಟು ಹಾರೈಸುತ್ತೇವೆ! ಆದರೆ ಅವರು ಹಿಡಿದ ಸಾಮಾನು ಎಂಥದೆಂದು ಒಮ್ಮೆಯಾದರೂ ಕೇಳುತ್ತೇವೆಯೇ?

ನಿನ್ನೆ ಬಸ್ ಸ್ಟ್ಯಾಂಡ್‌ಗೆ ನಾನೂ ಹೋಗಿದ್ದೆ. ಪಿಸ್ತೂಲಿನ ಪೆಟ್ಟಿಗೆಗೆ ಬೊಟ್ಟಿಡಲು ಹೋದ ಗಂಗವ್ವ ಗಕ್ಕನೆ ಕೈ ಹಿಂದೆ ತೆಗೆದಳು. ರೇಣುಕಾ ಬಸ್ಸಿನ ಕಿಟಕಿಯಿಂದ ಬಗ್ಗಿ ಹಣೆ ಮುಂದೆ ಮಾಡಿದಳು. “ಇಲ್ಲಿ ಹಚ್ಚವ್ವಾ.”

ಇದನ್ನು ಬರೆಯುವ ಹೊತ್ತಿಗೆ ಅಲ್ಲಿ ಮ್ಯಾಚ್ ನಡೆದಿದೆ. ಗೆದ್ದಳೋ ಇಲ್ಲವೋ, ಇನ್ನೂ ಫೋನ್ ಬಂದಿಲ್ಲ. ನಾನು ಅವಳನ್ನು ಕೊನೆಯದಾಗಿ ಕಂಡದ್ದು ಬಸ್ಸು ರೋಣದ ರಸ್ತೆಗೆ ಹೊರಳುವಾಗ: ತೊಡೆಯ ಮೇಲೆ ಪೆಟ್ಟಿಗೆ, ಹುಬ್ಬುಗಳ ನಟ್ಟನಡುವೆ ದುಂಡನೆಯ ಕೆಂಪು ಬೊಟ್ಟು.

ತಾಯಿಯ ಗುರಿಯಂತೂ ತಪ್ಪಿರಲಿಲ್ಲ.