ಏಕಾದಶಿಯಂದು ಮರೆಯದ ಹಾಡುಗಳು

ಬುಧವಾರ ನಮ್ಮ ಬೀದಿಯಲ್ಲಿ ಬಿನ್ ದಿನ, ಕಸದ ಡಬ್ಬಗಳನ್ನು ರಸ್ತೆಯಂಚಿಗೆ ಇಡುವ ದಿನ. ಆ ಬೆಳಿಗ್ಗೆಯೂ ಮಗಳ ಡಬ್ಬಿಗೆ ಚಪಾತಿ ಸುತ್ತಿಟ್ಟು, ಯಜಮಾನರು ಸ್ಟೇಷನ್‌ಗೆ ಹೊರಟ ಮೇಲೆ, ಕಾಫಿ ಲೋಟ ಹಿಡಿದು ಕಿಟಕಿಗೆ ಬಂದೆ. ಕೌನ್ಸಿಲ್‌ನ ಕಸದ ಲಾರಿ ಬಂದು ಬಿನ್‌ಗಳನ್ನು ಬರಿದು ಮಾಡಿ ಹೋಗಿತ್ತು. ಎದುರು ಮನೆಯವರು ಕಾರಿಗೆ ಸೂಟ್‌ಕೇಸ್ ತುಂಬುತ್ತಿದ್ದರು. ನಾವೆಲ್ಲ ಧಾರವಾಡದವರಂತೆ ವೈನಿ, ಎಂದರೆ ಅತ್ತಿಗೆ, ಎಂದು ಕರೆಯುತ್ತಿದ್ದ ಆ ಮನೆಯ ಪದ್ಮಾ ವೈನಿ ಮೆಲ್ಬರ್ನ್‌ನ ಮಗಳ ಮನೆಗೆ ಹೊರಟಿದ್ದರು, ಇನ್ನು ಅಲ್ಲೇ ಇರಲು.

ನಗರದಂಚಿನ ನಮ್ಮ ಬಡಾವಣೆ ಸ್ಕೋಫೀಲ್ಡ್ಸ್‌ನಲ್ಲಿ ಕಾರಿಲ್ಲದೆ ಹಾಲೂ ಸಿಗುವುದಿಲ್ಲ. ಫಿಟ್ಸ್ ಇದ್ದುದರಿಂದ ವೈನಿಗೆ ಲೈಸೆನ್ಸ್ ಇರಲಿಲ್ಲ. ಬೀದಿಯೇ ಅವರ ಲೋಕ. ಬುಧವಾರ ಲಾರಿ ಹೋದದ್ದೇ ತಡ, ಸೀರೆಯ ಮೇಲೆ ಗಂಡನ ಜಾಕೆಟ್ ತೊಟ್ಟು, ಎಲ್ಲರ ಖಾಲಿ ಬಿನ್‌ಗಳನ್ನೂ ಒಳಗೆ ತಳ್ಳಿ ಬರುತ್ತಿದ್ದರು. ಯಾರೂ ಹೇಳಿದ್ದಲ್ಲ. ಯಾರ ಮನೆಯಲ್ಲಿ ಏನು ತಿಂದರೆಂದು ವಾಸನೆಯಲ್ಲೇ ತಿಳಿಯುತ್ತದೆ ಎಂದು ನಗುತ್ತಿದ್ದರು.

ಫಿಟ್ಸ್‌ನ ಮಾತ್ರೆಯಿಂದ ಅವರ ಕೈ ನಡುಗುತ್ತಿತ್ತು. ಚೆಲ್ಲದಿರಲೆಂದು ಚಹಾವನ್ನು ಅರ್ಧ ಕಪ್ಪೇ ಕೊಡುವರು, ಎರಡು ಸಲ. ಕೂದಲು ತೆಳುವಾಗಿತ್ತು. ಅದಕ್ಕೆಲ್ಲ ಅವರು ಕೊರಗಿದವರಲ್ಲ. ಕಾಡುತ್ತಿದ್ದುದು ಮರೆತುಹೋಗುವ ಶಬ್ದಗಳು. ಜರಡಿ ಎನ್ನಲಾಗದೆ "ಆ ತೂತಿನ ಬುಟ್ಟಿ ಕೊಡ್ರಿ" ಅನ್ನುವರು. "ಗುಳಗಿ ಫಿಟ್ಸ್ ಹಿಡದಿಟ್ಟದ ಶೀಲಾಬಾಯಿ, ಜೋಡಿ ನನ್ನ ಮಾತೂ ಹಿಡದಿಟ್ಟದ." ನನ್ನನ್ನು ಶೀಲಾಬಾಯಿ ಎಂದು ಕರೆದವರು ಅವರೊಬ್ಬರೇ.

ಆದರೆ ಏಕಾದಶಿಯ ಸಂಜೆ ಅವರ ಮನೆಯ ಭಜನೆಯಲ್ಲಿ ಬೇರೆಯೇ ಪದ್ಮಾ ವೈನಿ. ಧಾರವಾಡದಲ್ಲಿ ತಾಯಿಯಿಂದ ಕಲಿತ ಹಾಡುಗಳು ಒಂದರ ಹಿಂದೊಂದು, ಪುಸ್ತಕವಿಲ್ಲದೆ. ಕಾನ್ವೆಂಟಿನ ಪಿಯಾನೋಗೆ ಹಾಡಿ ಬೆಳೆದ ನಾನು ಮೂಲೆಯಲ್ಲಿ ಕುಳಿತು ತಾಳ ತಪ್ಪಿಸುತ್ತಿದ್ದೆ.

ಒಮ್ಮೆ ಹಾಡಿನ ನಡುವೆಯೇ ಮಾತ್ರೆಯ ಹೊತ್ತಿನ ಅಲಾರಂ ಹೊಡೆಯಿತು. ವೈನಿ ಅದನ್ನು ಆರಿಸಿ, ಹಾಡು ಮುಂದುವರಿಸಿದರು. ಮಾತ್ರೆ ಏಕೆ ತೆಗೆದುಕೊಳ್ಳಲಿಲ್ಲ ಎಂದು ಆಮೇಲೆ ಅಡಿಗೆಮನೆಯಲ್ಲಿ ಕೇಳಿದೆ. ನಿರ್ಜಲ ಉಪವಾಸ, ಗುಳಿಗೆ ನುಂಗಲೂ ನೀರಿಲ್ಲ ಎಂದರು. ದೇವರು ಔಷಧಿಗೆ ಬೇಡ ಅನ್ನುತ್ತಾನೆಯೇ ಎಂದೆ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

"ದೇವರ ಸಲವಾಗಿ ಅಲ್ರಿ. ಗುಳಗಿ ಬಿಟ್ಟ ದಿನ ತಲಿ ಹಗರ ಇರ್ತದ. ನಮ್ಮವ್ವನ ಹಾಡು ಒಂದೂ ಮರೀಯೂದಿಲ್ಲ."

ಹಾಗೆ ತಟ್ಟನೆ ಬಿಟ್ಟರೆ ಫಿಟ್ಸ್ ಮೊದಲಿಗಿಂತ ಜೋರಾಗಿ ಬರಬಹುದು, ಡಬ್ಬಿಯ ಜೊತೆಗಿನ ಚೀಟಿಯಲ್ಲೇ ಇದೆ, ಡಾಕ್ಟರಿಗೆ ಹೇಳಿ ಎಂದು ಬೇಡಿಕೊಂಡೆ.

"ಡಾಕ್ಟರ್ ಮುಂದ ಹಾಡು ಮರೀತದ ಅಂತ ಹೆಂಗ ಹೇಳೂದ್ರಿ? ಅದೇನ್ ಬ್ಯಾನಿಯೇನು?"

ಅವರ ಯಜಮಾನರಿಗೂ ತಿಳಿಸಿದೆ. ಅವರು ಗದರಿದರು, ಇನ್ನು ಮಾತ್ರೆ ತಪ್ಪಿಸುವುದಿಲ್ಲವೆಂದು ವೈನಿ ದೇವರ ಮೇಲೆ ಆಣೆಯಿಟ್ಟರು. ಹಿಂದಿನ ವಾರದ ಏಕಾದಶಿಯಂದು ಮಾತ್ರ ಎಂದಿಗಿಂತ ಚೆನ್ನಾಗಿ ಹಾಡಿದರು. ಒಂದು ಶಬ್ದವೂ ತಪ್ಪದ್ದು ಕಂಡೇ ನನಗೆ ಅನುಮಾನವಾಯಿತು. ಹೊರಡುವಾಗ ಮಾತ್ರೆಯ ಬಗ್ಗೆ ಕೇಳಿದರೆ, ನನ್ನ ಕೆನ್ನೆ ತಟ್ಟಿ, ತಗೊಂಡೀನಿ ಅಂದರು. ಮರುದಿನ ಪಾರಣೆಗೆ ಅನ್ನಕ್ಕಿಡುತ್ತಿದ್ದವರು ಅಲ್ಲೇ ಬಿದ್ದರು. ಆಂಬುಲೆನ್ಸ್ ಬಂದರೂ ಫಿಟ್ಸ್ ನಿಂತಿರಲಿಲ್ಲ. ಭುಜದ ಕೀಲು ತಪ್ಪಿತ್ತು. ಆಸ್ಪತ್ರೆಯ ಡಾಕ್ಟರು ಬೈಯಲಿಲ್ಲವಂತೆ. ಶಬ್ದ ಮರೆಯುವುದೂ ಮಾತ್ರೆಯದೇ ತೊಂದರೆ, ಮೊದಲೇ ಹೇಳಿದ್ದರೆ ನಿಧಾನವಾಗಿ ಬೇರೆ ಮಾತ್ರೆಗೆ ಬದಲಾಯಿಸಬಹುದಿತ್ತು ಎಂದರಂತೆ. ಸದ್ಯಕ್ಕೆ ಅದೇ ಮಾತ್ರೆ, ಹೆಚ್ಚಿನ ಪ್ರಮಾಣದಲ್ಲಿ. ಉಳಿದದ್ದು ಮೆಲ್ಬರ್ನ್‌ನ ಡಾಕ್ಟರು ನೋಡಬೇಕು.

ಕಾಫಿ ಅಲ್ಲೇ ಬಿಟ್ಟು ರಸ್ತೆ ದಾಟಿದೆ. ವೈನಿಯ ಒಂದು ಕೈ ಕೊರಳಿಗೆ ಕಟ್ಟಿದ ಜೋಲಿಯಲ್ಲಿತ್ತು. ಕಾರಿನ ಸೀಟಿನಿಂದಲೇ ಇನ್ನೊಂದು ಕೈಯಲ್ಲಿ ನನ್ನ ಬೆರಳು ಹಿಡಿದರು. ಕರೆದೊಯ್ಯಲು ಬಂದಿದ್ದ ಅವರ ಮಗಳು "ಆಂಟಿ ಬಂದಾರ ನೋಡು ಅವ್ವ" ಅಂದಳು. ವೈನಿ ನನ್ನ ಮುಖವನ್ನೇ ನೋಡಿದರು. ತುಟಿ ಎರಡು ಸಲ ತೆರೆದು ಮುಚ್ಚಿತು.

"ಇವರು... ನಮ್ಮ ಎದುರ ಮನಿಯವರು," ಎಂದರು. ಕೈ ಮಾತ್ರ ಬಿಡಲಿಲ್ಲ. ಕೊನೆಗೆ ಮಗಳೇ ಮೆಲ್ಲಗೆ ಬಿಡಿಸಿದಳು.

ಸಂಜೆ ನಾನು ನಮ್ಮ ಬಿನ್ ಒಳಗೆ ತರಲು ಹೋದಾಗ ಬೀದಿಯುದ್ದಕ್ಕೂ ಬಿನ್‌ಗಳು ಹಾಗೇ ನಿಂತಿದ್ದವು, ಕೆಲವು ಗಾಳಿಗೆ ಅಡ್ಡಬಿದ್ದು. ಆಗಷ್ಟೇ ಕೆಲಸದಿಂದ ಬಂದ ಪಕ್ಕದ ಮನೆಯ ಗ್ರೆಗ್ ಕಾರು ಒಳಗೆ ತರಲಾಗದೆ ಇಳಿದು, ಬಿನ್ ಎಳೆಯುತ್ತ ಹೇಳಿದ: "ಕೌನ್ಸಿಲ್‌ನವರು ಇವನ್ನು ಒಳಗಿಡೋದು ನಿಲ್ಲಿಸಿಬಿಟ್ಟರು ಅಂತ ಕಾಣುತ್ತೆ."