ಬೆಲ್ಲದ ಕಾಟಾದ ಮೇಲೆ ನನ್ನ ಎಡಗಾಲು

“ಅಕ್ಕಾರ, ಎಡಗಾಲಿಲೆ ಇದನ್ನ ಒತ್ತಿ ಹಿಡೀರಿ. ನಾ ಸಾಕು ಅನ್ನೂತನಕ ಬಿಡಬ್ಯಾಡ್ರಿ,” ಎನ್ನುತ್ತ ಗೋಕಾಕದ ಮೆಕ್ಯಾನಿಕ್ ಕಾಕಾ, ಬಾಜೂ ಅಂಗಡಿಯಿಂದ ಬೆಲ್ಲ ತೂಗುವ ಕಾಟಾ ತಂದು ನನ್ನ ಕುರ್ಚಿಯ ಮುಂದಿಟ್ಟರು. ಅಪ್ಪನ ಹಳೆಯ ಕಾಂಟೆಸ್ಸಾ ಕಾರಿಗೆ ದೊಡ್ಡ ಇಂಜಿನ್ ಕೂರಿಸಿಯಾಗಿತ್ತು. ಐದು ಗೇರಿನ ಬಾಕ್ಸೂ ಬಂದಿತ್ತು. ಕ್ಲಚ್ ಮಾತ್ರ ರೇಸಿನ ಗಾಡಿಗಳಿಗೆ ಹಾಕುವ ಅತಿ ಬಿಗಿಯದ್ದೇ ಬೇಕೆಂದು ನಾನು ಹಟ ಹಿಡಿದಿದ್ದೆ.

ಆ ಬಿಗಿ ಕ್ಲಚ್ಚಿಗೆ ಬೇಕಾಗುವಷ್ಟು ಭಾರವನ್ನು ಕಾಟಾ ತೋರಿಸುವವರೆಗೆ ಒತ್ತಿದೆ. ಇದೇನು ಮಹಾ ಎನಿಸಿತು. ಆದರೆ ಚಹಾ ಬರುವಷ್ಟರಲ್ಲಿ ಮೊಣಕಾಲು ಗಡಗಡ ನಡುಗತೊಡಗಿತು. ಹೋದ ವರ್ಷ ಅದಕ್ಕೆ ಆಪರೇಷನ್ ಆದದ್ದನ್ನು, ಇನ್ನು ಗೇರಿನ ಕಾರು ಸಾಕೆಂದು ಮನೆಯವರು ಅಂದದ್ದನ್ನು ನಾನು ಕಾಕಾಗೆ ಹೇಳಿರಲಿಲ್ಲ. ಈಗ ಇವರೂ ಕಾರು ಮಾರಿಬಿಡಿ ಎನ್ನುತ್ತಾರೆ ಎಂದುಕೊಂಡು ತಲೆ ತಗ್ಗಿಸಿ ಕೂತೆ.

“ನೀವು ಮೆಟ್ಟಲಾ ಹತ್ತೂದು ನೋಡೇ ತಿಳೀತ್ರಿ. ಇಂಜಿನ್ನಿಗೆ ಕ್ಲಚ್ ಹುಡುಕೂದು ಸಸಾರ. ಕಬ್ಬಿನ ಗಾಡಿ ಹಿಂದ ಅರ್ಧಾ ತಾಸು ನಿಲ್ಲೂ ಕಾಲಿಗೆ ಹುಡುಕಬೇಕ್ರಿ,” ಎಂದರು ಕಾಕಾ. ಅಷ್ಟು ಬಿಗಿಯಿಲ್ಲದ ಪ್ಲೇಟು ಹಾಕಿ, ಪೆಡಲ್ ಹಗುರಾಗುವಂತೆ ಆಯಿಲ್ ಒತ್ತಡದಿಂದ ನಡೆಯುವ ಕ್ಲಚ್ ಜೋಡಿಸಿದರು. ಐದು ಗೇರು ಹಾಗೆಯೇ ಉಳಿದವು.

ಮೊನ್ನೆ ಕೌಜಲಗಿಯ ತಂಗಿಯ ಮನೆಗೆ ಹೊರಟಾಗ ಕಬ್ಬಿನ ಟ್ರ್ಯಾಕ್ಟರುಗಳ ಉದ್ದ ಸಾಲಿನ ಹಿಂದೆ ಸಿಕ್ಕಿಬಿದ್ದೆ. ಕ್ಲಚ್ ಒತ್ತುತ್ತ, ಬಿಡುತ್ತ ಇಂಚಿಂಚೇ ಮುಂದೆ ಹೋದೆ. ಕಾಲು ನಡುಗಲಿಲ್ಲ. ಸಾಲು ಬೇಗ ಸರಿಯಲಿ ಎಂದು ಆವತ್ತು ನನಗೆ ಅನಿಸಲೇ ಇಲ್ಲ.